ಮೂರನೇ ತಲೆ

"ಮೂರನೇ ತಲೆ ಸಾಯುತ್ತೆ ಅಂತ ಇವತ್ತು ತೋರಿಸ್ತೀನಿ!" ಎನ್ನುತ್ತಲೇ ತಮ್ಮ ಒಳಗೆ ನುಗ್ಗಿದ. ಕಂಕುಳಲ್ಲಿ ಹಳೇ ವಿಡಿಯೋ ಗೇಮ್ ಯಂತ್ರ, ಕೈಯಲ್ಲಿ ಸಿಕ್ಕುಗಟ್ಟಿದ ವೈರು. ದಿನವಿಡೀ ಬಸ್ಸು ಓಡಿಸುವ, ನಲವತ್ತು ದಾಟಿದ ಗಂಡಸು ಚಪ್ಪಲಿ ಬಿಡುವುದನ್ನೂ ಮರೆತಿದ್ದ. "ಸೆಕೆಂಡ್ ಹ್ಯಾಂಡ್ ಅಂಗಡೀಲಿ ಸಿಕ್ತು. ಅದೇ ಆಟ, ಡಬ್ಬಿ ಮಾತ್ರ ಇಲ್ಲ."

"ಡಬ್ಬಿ ನನ್ನ ಹತ್ರ ಇದೆಯಲ್ಲ," ಎಂದ ಅಕ್ಕ ಹೊಲಿಗೆ ಯಂತ್ರದ ಪಕ್ಕದಿಂದ ಅದನ್ನು ತಂದು ಟೀವಿಯ ಮುಂದೆ ನಿಲ್ಲಿಸಿದಳು. ಚಿಕ್ಕಂದಿನಲ್ಲಿ ಆಟ ಅತ್ತೆಯ ಮಗನದು. ಅವನು ಬಿಸಾಕಿದ ಖಾಲಿ ಡಬ್ಬಿ ಇವರದು. ಆದರೆ ಅದರ ಮೇಲಿದ್ದ ಚಿತ್ರ! ಮೂರು ತಲೆಯ ಡ್ರ್ಯಾಗನ್, ಕೆಳಗೆ ಬೆಂಕಿಯ ನದಿ, ಮುರಿದ ಸೇತುವೆಯ ಮೇಲಿಂದ ಕುದುರೆ ಹಾರಿಸುತ್ತಿರುವ ಕೆಂಪು ಮೇಲಂಗಿಯ ವೀರ. ಯಂತ್ರವೇ ಇಲ್ಲದೆ ಇಬ್ಬರೂ ಎಷ್ಟೋ ರಜೆಗಳನ್ನು ಆ ಚಿತ್ರದೊಳಗೇ ಕಳೆದಿದ್ದರು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಹಾರಬೇಕು, ನೆಲಕ್ಕೆ ಕಾಲು ತಾಗಿದರೆ ಸುಟ್ಟು ಬೂದಿ. ಅಕ್ಕನೇ ಡ್ರ್ಯಾಗನ್, ಕಾನೂನೂ ಅವಳದೇ: ಮೂರನೇ ತಲೆ ಸಾಯುವುದೇ ಇಲ್ಲ. ತಮ್ಮ ಪ್ರತಿಸಲವೂ ಅತ್ತುಕೊಂಡೇ ಸೋಲುತ್ತಿದ್ದ.

"ಸತ್ರೆ ಡಬ್ಬಿ ನನಗೆ," ಎಂದ ತಮ್ಮ.

"ಸಾಯದಿದ್ರೆ ಆಟಾನೂ ನನಗೆ. ಆಮೇಲೆ ಮುಖ ಊದಿಸ್ಕೋಬಾರ್ದು."

ಟೀವಿ ಬೆಳಗಿತು. ಕಪ್ಪು ಪರದೆಯ ತಳದಲ್ಲಿ ಒಂದು ಹಸಿರು ಚೌಕ. ಮೇಲೆ ಮೂರು ಕೆಂಪು ಚೌಕ. ಅಷ್ಟೇ.

ಸೋಫಾದಲ್ಲಿ ಕೂತಿದ್ದ ಬಾವ ಪೇಪರ್ ಕೆಳಗಿಳಿಸಿ ಕೇಳಿದರು, "ಕುದುರೆ ಎಲ್ಲಿ?"

ಅಕ್ಕನೂ ತಮ್ಮನೂ ಮುಖ ಮುಖ ನೋಡಿಕೊಂಡರು. ಅಕ್ಕ ತುಟಿ ಕಚ್ಚಿ ನಗು ತಡೆದಳು, ತಡೆದಳು, ಆಗಲಿಲ್ಲ. ತಮ್ಮ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಉರುಳಿದ. "ಇದಕ್ಕಾ ಅತ್ತೆ ಮಗ ಅಷ್ಟು ಮೆರೆದಿದ್ದು! ಇದನ್ನ ಮುಟ್ಟೋಕೂ ಬಿಡ್ತಿರಲಿಲ್ವಲ್ಲೇ ನಮ್ಮನ್ನ!"

"ಪಾಪ ಕಣೋ," ಎಂದು ಅಕ್ಕ ಕಣ್ಣೊರೆಸಿಕೊಂಡಳು, "ಅವನಿಗೆ ಸಿಕ್ಕಿದ್ದು ಬರೀ ಆಟ."

ಆದರೂ ಪಂದ್ಯ ಪಂದ್ಯವೇ. ತಮ್ಮ ಹಿಡಿಕೆಯನ್ನು ಬಸ್ಸಿನ ಗೇರಿನಂತೆ ಎಳೆದಾಡತೊಡಗಿದ. ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಡಬ್ಬಿಯ ಮೇಲೆ. ಒಂದು ತಲೆ ಹೋಯಿತು. ಎರಡನೆಯದೂ ಹೋಯಿತು. ಬಾವ ಪೇಪರ್ ಮಡಿಸಿಟ್ಟರು. ಮೂರನೆಯದು ಕುಂಯ್ ಎಂದು ಮಾಯವಾಯಿತು.

"ಸತ್ತೇ ಹೋಯ್ತು! ಅಕ್ಕಾ, ಸತ್ತೇ ಹೋಯ್ತು!" ತಮ್ಮ ಕುಣಿದಾಡಿದ.

ಅಕ್ಕನ ಮುಖ ಸಪ್ಪಗಾಯಿತು. ಡಬ್ಬಿಯಲ್ಲಿದ್ದ ಅಂಗಿಯ ಗುಂಡಿಗಳನ್ನೆಲ್ಲ ಬಾವನ ಬೊಗಸೆಗೆ ಸುರಿದಳು. ಚಿತ್ರದ ಮೇಲೆ ಅಂಗೈ ಆಡಿಸಿದಳು. "ತಗೋ" ಎಂದು ಚಾಚುವಷ್ಟರಲ್ಲಿ ಟೀವಿ ಮತ್ತೆ ಕುಂಯ್ ಎಂದಿತು. ಮೂರೂ ಚೌಕಗಳು ಪುನಃ ಹಾಜರ್, ಈ ಸಲ ಎರಡರಷ್ಟು ವೇಗ.

"ನೋಡಿದ್ಯಾ! ಸಾಯಲ್ಲ ಅಂದಿದ್ನೋ ಇಲ್ವೋ!" ಅಕ್ಕ ಡಬ್ಬಿಯನ್ನು ಎದೆಗವಚಿಕೊಂಡಳು. "ಆಟ ಮುಗಿಯೋ ತನಕ ಡಬ್ಬಿ ಇಲ್ಲೇ ಇರುತ್ತೆ."

"ಇದು ಮುಗಿಯೋ ಆಟ ಅಲ್ವಲ್ಲೇ!"

"ಹಾಗಾದ್ರೆ ಪ್ರತಿ ಭಾನುವಾರ ಬಾ. ಬೇಡ ಅಂದೋರು ಯಾರು?" ಎಂದವಳೇ ನೆಲ ನೋಡಿ ಕಿರುಚಿದಳು, "ಬೆಂಕಿ ನದಿ!"

ಇಬ್ಬರೂ ಒಂದೇ ನೆಗೆತಕ್ಕೆ ಸೋಫಾ ಹತ್ತಿದರು. ಸೋಫಾ ನರಳಿತು.

"ಇಬ್ರಿಗೂ ವಯಸ್ಸಾಯ್ತು, ಬುದ್ಧಿ ಬರಲಿಲ್ಲ," ಎಂದು ಬಾವ ಗೊಣಗಿದರು. ಆಮೇಲೆ ಬೊಗಸೆಯ ಗುಂಡಿಗಳು ಚೆಲ್ಲದಂತೆ ಹಿಡಿದುಕೊಂಡು, ಒಂದು ಸಲ ನೆಲದ ಕಡೆ ನೋಡಿ, ಎರಡೂ ಕಾಲುಗಳನ್ನು ಮೆಲ್ಲಗೆ ಮೇಲೆತ್ತಿಕೊಂಡರು.