ಹನ್ನೆರಡು ನಿಮಿಷ

ಮೇಷ್ಟ್ರ ಮೊಬೈಲು ಒಮ್ಮೆ ರಿಂಗಾಗಿ ಕಟ್ಟಾಯಿತು. ಅವಳು ಹೆಡ್‌ಫೋನು ಸರಿಮಾಡಿಕೊಂಡು ಕಾದಳು. ಅವರು ಯಾವತ್ತೂ ಹಾಗೆಯೇ. ಅವಳ ಕರೆ ಕತ್ತರಿಸಿ, ಅರೆ ನಿಮಿಷದಲ್ಲಿ ತಾವೇ ಲ್ಯಾಂಡ್‌ಲೈನಿನಿಂದ ತಿರುಗಿ ಮಾಡುತ್ತಿದ್ದರು. ಈ ಕಾಲದಲ್ಲಿ ಅಷ್ಟು ದೊಡ್ಡ ಮನಸ್ಸು ಯಾರಿಗಿದೆ? ನೀರು ಶುದ್ಧ ಮಾಡುವ ಯಂತ್ರ ಮಾರಲು ಫೋನು ಮಾಡುವವರಿಗೆ ಜನ ಕೊಡುವ ಮರ್ಯಾದೆ ಎಂಥದ್ದೆಂದು ಒಂಬತ್ತು ವರ್ಷದಿಂದ ಅವಳಿಗೆ ಬಾಯಿಪಾಠವಾಗಿತ್ತು.

ಇವತ್ತು ಮಾತ್ರ ಆ ಅರೆ ನಿಮಿಷ ಮುಗಿಯುವಂತೆಯೇ ಕಾಣಲಿಲ್ಲ. ಗಂಟೆ ನಾಲ್ಕೂವರೆ. ಐದಕ್ಕೆ ಕಂಪ್ಯೂಟರು ಇಂದಿನ ಕರೆಗಳ ಪಟ್ಟಿ ಮುಚ್ಚಿಬಿಡುತ್ತದೆ.

ತಿಂಗಳ ಹಿಂದೆ ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಅದರ ಬೆನ್ನಿಗೇ ಒಬ್ಬ ತರಬೇತುದಾರ ಬಂದ. ಎಂಥ ಸೆಕೆಯಲ್ಲೂ ಕೋಟು ಬಿಚ್ಚದ ಆಸಾಮಿ. ಹೆಂಗಸರೆಲ್ಲ ಸೇರಿ ಕೋಟಪ್ಪ ಎಂದು ಹೆಸರಿಟ್ಟರು.

“ಇದು ಈಗಾಗ್ಲೇ ನಲವತ್ತು ಕಂಪನೀಲಿದೆ,” ಎಂದು ಕೋಟಪ್ಪ ಶುರುಮಾಡಿದ. “ನೀವು ಏನು ಮಾತಾಡಿದ್ರಿ ಅಂತ ಇದು ಕೇಳಲ್ಲ. ಎಷ್ಟು ಹೊತ್ತು ಮಾತಾಡಿದ್ರಿ ಅಂತ ಮಾತ್ರ ನೋಡುತ್ತೆ. ಹನ್ನೆರಡು ನಿಮಿಷ ನಿಂತ ಗಿರಾಕಿ ಅರ್ಧ ಕೊಂಡ ಹಾಗೇ.”

ದಿನಕ್ಕೆ ಅಂಥದ್ದೊಂದು ಕರೆ ಆಗಲೇಬೇಕು, ಅದೂ ಕಚೇರಿಯ ಲೈನಿನಲ್ಲಿ. ತಿಂಗಳಿಗೆ ಮೂರು ದಿನ ತಪ್ಪಿದರೆ ಸೀಟು ಖಾಲಿ. ಅವಳಿಗೆ ಆಗಲೇ ಎರಡು ತಪ್ಪಿತ್ತು.

ಕೋಟಪ್ಪ ಕಲಿಸಿದ್ದರಲ್ಲೇನೂ ಕೊರತೆಯಿರಲಿಲ್ಲ. ಎದುರಿಗೆ ಕನ್ನಡಿ ಇಟ್ಟುಕೊಂಡು ನಗುತ್ತ ಮಾತಾಡಿ, ನಗು ದನಿಯಲ್ಲಿ ಕೇಳಿಸುತ್ತದೆ. ಅಣ್ಣ, ತಂಗಿ ಎಂದು ವರಸೆ ಹಿಡಿದು ಕರೆಯಿರಿ. ಗಿರಾಕಿಯ ಕೊನೆಯ ಮಾತನ್ನೇ ಎತ್ತಿಕೊಂಡು ಪ್ರಶ್ನೆ ಕೇಳಿ, ಆದರೆ ಬಾಯಿ ತೆರೆಯುವ ಮೊದಲು ಮನಸ್ಸಿನಲ್ಲೇ ಮೂರು ಎಣಿಸಿ. ಹೇಳುವುದಕ್ಕೇನು, ನಾಲಿಗೆಗೆ ಮೂಳೆಯೇ? ಅವಳು ‘ಅಣ್ಣಾ’ ಅನ್ನುವಷ್ಟರಲ್ಲಿ ಅಣ್ಣಂದಿರು ಫೋನಿಟ್ಟು ಹೋಗಿರುತ್ತಿದ್ದರು. ಕನ್ನಡಿಯಲ್ಲಿ ಸೋತ ಮುಖದ ಹೆಂಗಸೊಬ್ಬಳು ಸುಮ್ಮನೆ ಹಲ್ಲು ಕಿರಿಯುತ್ತಿದ್ದಳು.

ಆಗ ದೇವರು ಕಳಿಸಿದ ಹಾಗೆ ಸಿಕ್ಕವರು ಇವರು. ಮೇಷ್ಟ್ರು ಎನ್ನುವ ಹೆಸರು ಅವಳೇ ಇಟ್ಟುಕೊಂಡದ್ದು. ನಿಧಾನವಾಗಿ, ತೂಗಿ ತೂಗಿ ಮಾತಾಡುತ್ತಿದ್ದರು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಆಗಿರಬೇಕು.

ಫೋನು ಬಂತು. ಪರದೆಯ ಮೇಲೆ ಸೆಕೆಂಡುಗಳು ಓಡತೊಡಗಿದವು.

“ಹೇಳು ತಂಗಿ, ಊಟ ಆಯ್ತಾ?”

“ಆಯ್ತಣ್ಣಾ. ಊಟ ಏನು ಬಂತು, ಎರಡು ಬಿಸ್ಕತ್ತು.”

ತುಸು ಹೊತ್ತು ಮೌನ. “ಎರಡೇ ಬಿಸ್ಕತ್ತಾ? ಯಾಕಮ್ಮ?”

ಮನೆಯಲ್ಲೂ ಇಷ್ಟು ಕೇಳುವವರಿರಲಿಲ್ಲ. ಗಂಡನ ವರ್ಕ್‌ಶಾಪು ಮುಚ್ಚಿ ಆರು ತಿಂಗಳಾಗಿತ್ತು. ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಅವನು ಕೇಳುತ್ತಿದ್ದುದು ಒಂದೇ ಮಾತು: “ಇವತ್ತು ಉಳೀತಾ?” ಕೆಲಸ ಉಳಿಯಿತಾ ಎಂದು ಅರ್ಥ. ಇಡೀ ಸಂಸಾರ ಈ ಹೆಡ್‌ಫೋನಿನ ವೈರಿಗೆ ಜೋತುಬಿದ್ದಿತ್ತು.

“ರಾತ್ರಿಯೆಲ್ಲ ಮಗಳಿಗೆ ಜ್ವರ ಅಣ್ಣಾ. ಅಡಿಗೆ ಮಾಡೋಕಾಗ್ಲಿಲ್ಲ.”

ಮತ್ತೆ ಅದೇ ನಿಧಾನ. “ರಾತ್ರಿಯೆಲ್ಲ ಜ್ವರಾನಾ? ಈಗ ಹೇಗಿದಾಳೆ?”

ಮಗಳ ಜ್ವರದಲ್ಲಿ ನಾಲ್ಕು ನಿಮಿಷ ಹೋಯಿತು. ಆಮೇಲೆ ಅವಳು ಯಂತ್ರದ ಮಾತು ತೆಗೆದಳು. ಫಿಲ್ಟರು ಎಷ್ಟು ದಿನ ಬಾಳುತ್ತದೆ, ಕರೆಂಟು ಹೋದರೆ ಏನು ಗತಿ, ಮೇಷ್ಟ್ರು ಬಿಡದೆ ಕೇಳಿದರು. ಮೊನ್ನೆಯೂ ಇವನ್ನೇ ಕೇಳಿದ್ದರು. ವಯಸ್ಸಾಯಿತು, ಪಾಪ, ಮರೆವು. ಅವರ ಹಿಂದೆ ಹತ್ತಾರು ದನಿಗಳ ಗುಜುಗುಜು ಕೇಳುತ್ತಿತ್ತು. ನೆಂಟರಿಷ್ಟರು ತುಂಬಿದ ಮನೆಯಾದರೂ ಅವರೊಡನೆ ಕೂತು ಮಾತಾಡುವವರಿಲ್ಲ. ಅಂಥ ಮುದುಕರನ್ನು ತಾನು ಎರಡು ವಾರದಿಂದ ಹಿಡಿದು ಕೂರಿಸಿಕೊಂಡಿದ್ದೇನೆ.

“ದನಿ ಯಾಕೆ ಹೀಗೆ ಕೂತಿದೆ ಅಣ್ಣಾ?”

“ಬೆಳಿಗ್ಗೆಯಿಂದ ಮಾತಾಡೀ ಮಾತಾಡೀ ಗಂಟಲು ಹೋಗಿದೆ. ಪರವಾಗಿಲ್ಲ ತಂಗಿ, ನೀನು ಹೇಳು. ಆ ಫಿಲ್ಟರು…” ಕೆಮ್ಮು ನುಗ್ಗಿಬಂತು. ನೀರು ಕುಡಿದ ಸದ್ದು. “ಹೂಂ, ಹೇಳು.”

ಹೊಟ್ಟೆಪಾಡು ಸರಿ. ಹಾಗಂತ ಕೆಮ್ಮುವ ಮುದುಕರ ಗಂಟಲು ಹಿಂಡಿ ಬದುಕಬೇಕೇ? ಒಂಬತ್ತು ವರ್ಷದಲ್ಲಿ ಅವಳಿಗೆ ತನ್ನ ಮೇಲೆ ಇಷ್ಟು ಹೇಸಿಗೆ ಎಂದೂ ಆಗಿರಲಿಲ್ಲ. ಎದುರಿನ ಕನ್ನಡಿಯನ್ನು ಬೋರಲು ಹಾಕಿದಳು.

“ಅಣ್ಣಾ, ಒಂದು ಮಾತು. ನೀವು ಯಂತ್ರ ಕೊಳ್ಳಲ್ಲ ಅಂತ ನಂಗೆ ಗೊತ್ತು. ಮಾರೋಕೂ ನಾನು ಫೋನ್ ಮಾಡ್ತಿಲ್ಲ. ನನ್ನ ಕೆಲಸ ಉಳೀಲಿ ಅಂತ ಸುಮ್ನೆ ನಿಮ್ಮನ್ನ ಮಾತಿಗೆಳೀತಿದ್ದೆ. ನಿಮ್ಮ ಒಳ್ಳೇತನಾನ ದುರುಪಯೋಗ ಮಾಡ್ಕೊಂಡೆ. ಇನ್ನು ಮಾಡಲ್ಲ. ಗಂಟಲು ನೋಡ್ಕೊಳ್ಳಿ. ಇಡ್ತೀನಿ.”

ಪರದೆ ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು ತೋರಿಸುತ್ತಿತ್ತು. ಸಂಜೆ ಬಾಗಿಲಲ್ಲಿ ನಿಲ್ಲುವ ಗಂಡನ ಮುಖ ನೆನಪಾಯಿತು. ಆದರೂ ಅವಳು ಕೆಂಪು ಗುಂಡಿಯ ಮೇಲೆ ಬೆರಳಿಟ್ಟಳು.

ಈ ಸಲ ಮೇಷ್ಟ್ರು ತಡಮಾಡಲಿಲ್ಲ, ಮಾತು ತೂಗಲಿಲ್ಲ. ಅವರ ಬಾಯಿಂದಲೇ ಮೂವತ್ತೂ ದಾಟಿರದ ದನಿಯೊಂದು ಗಾಬರಿಯಿಂದ ಪಿಸುಗುಟ್ಟಿತು: “ದಯವಿಟ್ಟು ಇಡ್ಬೇಡಿ ಮೇಡಮ್! ಹನ್ನೆರಡಕ್ಕೆ ಇನ್ನೂ ನಲವತ್ತು ಸೆಕೆಂಡ್ ಇದೆ, ನಂಗೆ ಈ ತಿಂಗಳು ಆಗ್ಲೇ ಎರಡು ದಿನ ತಪ್ಪಿದೆ.”