ವಿಕ್ಕಣ್ಣನ ಮಂಡಿ

"ಸ್ಕ್ಯಾನ್ ರಿಪೋರ್ಟ್ ಬಂತಾ?" ಎನ್ನುತ್ತಲೇ ಚಂದ್ರಶೇಖರ್ ಒಳಗೆ ಬಂದ. ಕೈಯಲ್ಲಿ ಕಿತ್ತಳೆಹಣ್ಣಿನ ಚೀಲ. ಗೆಳೆಯನ ಮಂಡಿ ನೋಡಲೆಂದು ಸಿಡ್ನಿಯಿಂದ ಬೆಳಗಿನ ವಿಮಾನ ಹಿಡಿದು ಮೆಲ್ಬರ್ನಿಗೆ ಬಂದಿದ್ದ. ಊರಂಚಿನ ಟಾರ್ನೀಟ್ ಬಡಾವಣೆಯ ಈ ಮನೆಯ ಬಾಗಿಲಲ್ಲಿ ಶೂ ಬಿಚ್ಚುವಷ್ಟೂ ತಾಳ್ಮೆ ಅವನಿಗಿರಲಿಲ್ಲ.

"ಬಂತು. ಲಿಗಮೆಂಟ್ ಪೂರಾ ಹರದೈತಿ," ಎಂದ ವಿರುಪಾಕ್ಷ, ಸೋಫಾದ ಮೇಲೆ ಬಲಗಾಲು ಚಾಚಿಕೊಂಡು. "ಈ ಸೀಸನ್ ಮುಗೀತು. ನಂದಲ್ಲೋ ಮಾರಾಯಾ, ವಿಕ್ಕಣ್ಣಂದು ಹೇಳಾಕತ್ತೀನಿ."

"ನಾನೂ ಅವನದ್ದೇ ಕೇಳಿದ್ದು," ಎಂದು ಚಂದ್ರಶೇಖರ್ ಎದುರಿನ ಕುರ್ಚಿಯಲ್ಲಿ ಕುಸಿದ.

ವಿಕ್ಕಣ್ಣ ಎಂದರೆ ಕೂಪರ್ ವಿಕ್‌ಹ್ಯಾಮ್. ಮೊಟ್ಟೆಯಾಕಾರದ ಚೆಂಡಿನಲ್ಲಿ ಆಡುವ ಆಸ್ಟ್ರೇಲಿಯಾದ ಫುಟ್ಬಾಲಿನಲ್ಲಿ, ಎದುರಾಳಿಯ ಹೆಗಲ ಮೇಲೆ ಹತ್ತಿ ಚೆಂಡು ಹಿಡಿಯುವುದಕ್ಕೆ ಹೆಸರಾದವನು. ಇಂಥ ಇಬ್ಬರು ಭೂಮಿಯ ಮೇಲಿದ್ದಾರೆಂಬುದೂ ಅವನಿಗೆ ಗೊತ್ತಿಲ್ಲ. ಇವರಿಗೆ ಮಾತ್ರ ಅವನ ತೊಡೆಯ ಸೆಳೆತ, ಪಾದದ ಉಳುಕು, ಊಟ, ನಿದ್ದೆ ಎಲ್ಲವೂ ಗೊತ್ತು. ಆ ಚೆಂಡನ್ನು ಇಬ್ಬರೂ ಒಮ್ಮೆಯೂ ಒದ್ದವರಲ್ಲ. ಹುಬ್ಬಳ್ಳಿಯ ವಿರುಪಾಕ್ಷ, ಮೈಸೂರಿನ ಚಂದ್ರಶೇಖರ್ ಬೆಳೆದದ್ದು ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ, ಅದೂ ಹೆಚ್ಚಾಗಿ ಅಂಪೈರ್ ಆಗಿ. ಆದರೂ ವಾರವಾರವೂ ಒಬ್ಬ ಈ ಸೋಫಾದಿಂದ, ಇನ್ನೊಬ್ಬ ಸಿಡ್ನಿಯ ನಾರ್ವೆಸ್ಟಿನ ಆಫೀಸಿನಿಂದ ವಿಡಿಯೋ ಕಾಲ್ ಮಾಡಿ ಅವನ ಫಾರ್ಮ್ ಹೋಯಿತೋ ಉಳಿಯಿತೋ ಎಂದು ತೀರ್ಪು ಕೊಡುತ್ತಿದ್ದರು. ನಾವು ಅಭಿಮಾನಿಗಳೇ ಹಾಗೆ. ಬೆವರು ಅವರದು, ಆಯಾಸ ನಮ್ಮದು.

ಹೋದ ವಾರ ವಿಕ್ಕಣ್ಣ ಮೈದಾನದಲ್ಲಿ ಬಿದ್ದ ಮರುದಿನವೂ ಅಂಥದೇ ಒಂದು ಕಾಲ್. ಹಾರಿದ್ದು ಸರಿ, ಇಳಿದದ್ದು ತಪ್ಪು ಎಂದ ಚಂದ್ರಶೇಖರ್. ಇಳಿದದ್ದೂ ಸರಿಯೇ, ತೋರಿಸುತ್ತೇನೆ ನೋಡು ಎಂದು ವಿರುಪಾಕ್ಷ ಫೋನನ್ನು ಟಿವಿಗೆ ಆನಿಸಿಟ್ಟು, ಇದೇ ಸೋಫಾ ಹತ್ತಿ, ದಿಂಬನ್ನೇ ಚೆಂಡು ಮಾಡಿಕೊಂಡು ಹಾರಿದ. ದಿಂಬು ಕೈಯಲ್ಲೇ ಉಳಿಯಿತು, ಮಂಡಿ ಉಳಿಯಲಿಲ್ಲ. "ನೋಡಿದ್ಯಾ? ಲ್ಯಾಂಡಿಂಗ್‌ದೇ ಪ್ರಾಬ್ಲಮ್ಮು!" ಎಂದು ಫೋನಿನೊಳಗಿಂದ ಚಂದ್ರಶೇಖರ್ ಗೆದ್ದವನಂತೆ ಕೂಗಿದ್ದು ಅಡುಗೆಮನೆಯಲ್ಲಿದ್ದ ವಿರುಪಾಕ್ಷನ ಹೆಂಡತಿ ಶ್ರೀದೇವಿಗೂ ಕೇಳಿಸಿತ್ತು. ಡ್ಯಾಂಡಿನಾಂಗಿನ ತನ್ನ ಆಫೀಸಿಗೆ ವಿರುಪಾಕ್ಷ, ಫುಟ್ಬಾಲಿನಿಂದಾದ ಗಾಯ ಎಂದು ತಿಳಿಸಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ತನ್ನ ಮಂಡಿಯಲ್ಲೂ ವಿಕ್ಕಣ್ಣನಿಗೆ ಹರಿದ ಲಿಗಮೆಂಟೇ ಹರಿದಿದೆ ಎಂದು ಡಾಕ್ಟರು ಹೇಳಿದಾಗ ನೋವಿನ ನಡುವೆಯೂ ಅವನಿಗೆ ಕೊಂಚ ಹೆಮ್ಮೆಯಾಗಿತ್ತು. ಆಪರೇಷನ್ ಎಂಬ ಮಾತು ಬಂದದ್ದೇ ಹೆಮ್ಮೆ ಇಳಿಯಿತು. ಮಾಡಿಸಿಕೊಳ್ಳುತ್ತಾನೋ ಇಲ್ಲವೋ ಎಂದು ಇವತ್ತು ಸಂಜೆಯೊಳಗೆ ಆಸ್ಪತ್ರೆಗೆ ಫೋನ್ ಮಾಡಿ ಹೇಳಬೇಕಿತ್ತು. ವಿರುಪಾಕ್ಷನಿಗೆ ಭಯವಾಗಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ.

"ಆಪರೇಷನ್ ಮಾಡಿಸ್ಕೊಳ್ಳಲೇಬೇಕು ಕಣೋ," ಎಂದ ಚಂದ್ರಶೇಖರ್, ಗೆಳೆಯನಿಗೆಂದು ತಂದ ಕಿತ್ತಳೆಯನ್ನು ಸುಲಿದು ತಾನೇ ತಿನ್ನುತ್ತ. "ವಿಕ್ಕಣ್ಣಂಗೆ ಬೇರೆ ದಾರೀನೇ ಇಲ್ಲ."

"ಯಾಕಿಲ್ಲ? ಬರೇ ಎಕ್ಸರ್‌ಸೈಜ್ ಮಾಡಿ ಆರಾಮ ಆದವ್ರು ಎಷ್ಟ ಮಂದಿ ಅದಾರ."

"ಹಾಗೇ ಬಿಟ್ರೆ ನಡೆಯೋವಾಗ್ಲೇ ಮಂಡಿ ಜಾರತ್ತೆ. ಡಾಕ್ಟ್ರು ಸುಮ್ನೆ ಹೇಳ್ತಾರಾ?"

"ಡಾಕ್ಟರಿಗೇನು, ಹೇಳ್ತಾರ. ಟೇಬಲ್ ಮ್ಯಾಲೆ ಮಲಗಾಂವ ಇಂವ!" ವಿರುಪಾಕ್ಷನ ದನಿ ಏರಿತು. "ಅನಸ್ತೇಶಿಯಾ ಕೊಟ್ಟ ಮ್ಯಾಲೆ ಎಚ್ಚರನ ಆಗಲಿಲ್ಲಂದ್ರ? ಮೊದಲ ಅಂವಗ ಬಿಪಿ ಐತಿ."

ಚಂದ್ರಶೇಖರನ ಕೈಯಲ್ಲಿದ್ದ ತೊಳೆ ಬಾಯಿಗೆ ಹೋಗಲಿಲ್ಲ. "ವಿಕ್ಕಣ್ಣಂಗೆ ಬಿಪಿನಾ?"

ವಿರುಪಾಕ್ಷ ಕಿಟಕಿಯ ಕಡೆ ಮುಖ ತಿರುಗಿಸಿದ. "ಹೂಂ. ದಿನಾ ಗುಳಿಗಿ ತಗೋತಾನ. ಮನ್ಯಾಗ ಮಗಳು ಇನ್ನಾ ಸಾಲಿಗೆ ಹೊಂಟಾಳ. ಇಂವಗ ಏನರ ಆದ್ರ ಆಕೀನ್ನ ಯಾರು ನೋಡ್ತಾರ?"

ವಿಕ್‌ಹ್ಯಾಮ್‌ಗೆ ಮದುವೆಯೇ ಆಗಿಲ್ಲವೆಂದು ಚಂದ್ರಶೇಖರನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ದಿನವಾಗಿದ್ದರೆ ಇಷ್ಟು ದೊಡ್ಡ ತಪ್ಪಿಗೆ ವರ್ಷವಿಡೀ ಕಾಡಿಸುತ್ತಿದ್ದ. ಈಗ ಮಾತ್ರ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಅವನು ಗೆಳೆಯನನ್ನು ತಿದ್ದಲಿಲ್ಲ. ತೊಳೆಯನ್ನು ಸಿಪ್ಪೆಯ ಮೇಲಿಟ್ಟ.

"ಹೌದು, ಮಗಳಿದ್ದಾಳೆ. ನಾನೂ ಓದಿದ್ದೆ," ಎಂದ ಮೆಲ್ಲಗೆ. "ಬಿಪಿ ಇರೋರಿಗೂ ಮಾಡ್ತಾರೆ ಕಣೋ. ಎಲ್ಲಾ ಚೆಕ್ ಮಾಡಿ, ಕಂಟ್ರೋಲಿಗೆ ತಂದೇ ಮಾಡೋದು. ಭಯ ಆಗತ್ತೆ, ಯಾರಿಗಾದ್ರೂ ಆಗತ್ತೆ. ಅದ್ರಲ್ಲಿ ನಾಚಿಕೆ ಏನಿದೆ ಅವನಿಗೆ?"

ಅಡುಗೆಮನೆಯ ಬಾಗಿಲಲ್ಲಿ ಶ್ರೀದೇವಿ ಚಹಾದ ಟ್ರೇ ಹಿಡಿದು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ, ಚಹಾ ಕೆನೆಗಟ್ಟಿತ್ತು. ಫುಟ್ಬಾಲಿನ ಹೆಸರೆತ್ತಿದರೆ ಎದ್ದು ಹೋಗುವವಳು ಈಗ ಟ್ರೇಯನ್ನು ಕೆಳಗಿಟ್ಟು, ಗಂಡನ ಕಡೆ ನೋಡದೆ, ಅಲ್ಲೇ ಕುಳಿತಳು.

"ಚಂದ್ರಣ್ಣಾ, ಆ ನಿಮ್ಮ ವಿಕ್ಕಣ್ಣಗ ಒಂದ ಮಾತು ಹೇಳ್ರಿ. ಅಂವಾ ಕಣ್ಣ ತೆರಿಯೂ ತನಕಾ ಅವನ ಹೆಂಡ್ತಿ ಆಸ್ಪತ್ರಿ ಬಿಟ್ಟು ಕದಲೂದಿಲ್ಲ. ತೆರದ ಮ್ಯಾಲೆ ಮಾತ್ರ ಬೈಗಳ ಭಾಳ ಅದಾವ, ತಪ್ಪಿಸ್ಕೊಳ್ಳಾಕ ಆಗೂದಿಲ್ಲಂತ ಹೇಳ್ರಿ."

ವಿರುಪಾಕ್ಷನ ಕಣ್ಣು ತುಂಬಿತು. ಅಂಗಿಯ ತೋಳಿನಿಂದ ಒರೆಸಿಕೊಂಡ. ಫೋನ್ ಎತ್ತಿಕೊಂಡು ಆಸ್ಪತ್ರೆಯ ನಂಬರು ಹುಡುಕುತ್ತ, ಇಬ್ಬರಿಗೂ ಕೇಳುವಂತೆ ಹೇಳಿದ:

"ಮಾಡಿಸ್ಕೋತಾನಂತ ಅಂವಾ."