ಮೂರು ಚಕ್ರದ ಅಯ್ಯನವರು

ಕನ್ನಡಿಗೆ ಏಳು ರೂಪಾಯಿ, ಹಿಂದಿನ ಕೆಂಪು ಬಿಲ್ಲೆಗೆ ಎರಡು. ಒತ್ತಿ ಊದಿಸುವ ಭೋಂಪು ಹಾರ್ನಿಗೆ ಮಾತ್ರ ಸೈಕಲ್ ಅಂಗಡಿಯವನು ಹದಿನೆಂಟು ಹೇಳಿದ. ರೇಣುಕಯ್ಯ ಅಷ್ಟು ಕೊಡಲಿಲ್ಲ. ಮನೆಯ ಅಟ್ಟ ತಡಕಿ, ಸಿಕ್ಕಿದ ಹಳೆಯ ಹಿತ್ತಾಳೆ ಗಂಟೆಯನ್ನೇ ಅಪ್ಪನ ಗಾಡಿಗೆ ಬಿಗಿದ.

ಕಾಲು ಬಿದ್ದುಹೋದ ಮೇಲೆ ಪರ್ವತಯ್ಯನವರು ಕೈಯಲ್ಲಿ ತಿರುಗಿಸಿ ಓಡಿಸುವ ಆ ಮೂರು ಚಕ್ರದ ಗಾಡಿಯಲ್ಲೇ ಮಧುಗಿರಿ ಸುತ್ತುತ್ತಿದ್ದರು. ಹೊರಗೆ ತಿರುಗದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಹಿಂದಿನ ವಾರ ಪಾವಗಡದ ರಸ್ತೆಯಲ್ಲಿ ಕಡಲೆಕಾಯಿ ಲಾರಿಯೊಂದು ಅವರನ್ನು ಚರಂಡಿಗೆ ಇಳಿಸಿ ಹೋಗಿತ್ತು.

“ಇನ್ನು ಲಾರಿಯವರ ಕಿವಿಗೆ ಬೀಳುತ್ತೆ. ಇದನ್ನ ಬಿಚ್ಚಬಾರದು, ಅಪ್ಪಾಜಿ.”

ಅವರು ಮಗನ ಮುಖವನ್ನೇ ನೋಡಿದರು. “ನೀನು ಕಟ್ಟಿದ ಮ್ಯಾಲೆ ಆಯ್ತು ಬುಡು.”

ತಿಂಗಳಾಗುವಷ್ಟರಲ್ಲಿ ರೇಣುಕಯ್ಯನ ಕಚೇರಿಯ ಜವಾನ ಸಣ್ಣರಂಗಯ್ಯ ಎಲ್ಲರೆದುರೇ ಅಂದ: “ನಿಮ್ಮಪ್ಪಾರು ನಿನ್ನೆ ನಮ್ಮ ಬೀದಿಗೆ ಬಂದಿದ್ರು ಸಾ. ನಮ್ಮನೆಯವ್ಳು ಒಂದು ಸೇರು ರಾಗಿ ಹಾಕಿದ್ಲು.”

ಗುಮಾಸ್ತರೊಬ್ಬರು ಕಿಸಕ್ಕೆಂದರು. “ಯಾಕ್ರೀ ರೇಣುಕಯ್ಯ, ಸಂಬಳ ಸಾಲ್ದಾ?”

ರೇಣುಕಯ್ಯ ತಲೆ ಎತ್ತಲಿಲ್ಲ. ಮನೆಗೆ ಬಂದವನೇ ಅಪ್ಪನ ಮಂಚದ ಕೆಳಗೆ ಬಗ್ಗಿ ನೋಡಿದ. ಚೀಲದಲ್ಲಿ ಅಕ್ಕಿ, ರಾಗಿ, ಹುರುಳಿ ಬೆರೆತು ಬಿದ್ದಿದ್ದವು.

“ನಾನು ಅನ್ನ ಹಾಕ್ತಿಲ್ವಾ? ಬೀದಿಬೀದಿ ತಿರುಪೆ ಎತ್ತಿ ನನ್ನ ಮಾನ ಕಳೀತಿದ್ದೀರಲ್ಲ!”

“ನಾನು ಯಾರ್ನೂ ಕೇಳ್ಲಿಲ್ಲ ಕಣಪ್ಪ. ಅವ್ರೇ ತಂದು ಹಾಕ್ತಾರೆ. ಬ್ಯಾಡ ಅಂದ್ರೆ ನೊಂದ್ಕತಾರೆ.”

ಮಗ ಗಾಡಿಯ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಜಡಿದ.

ಎರಡು ದಿನ ಬಿಟ್ಟು ಹಿಂದಿನ ಬೀದಿಯ ಮುದುಕಿ ಗಿರಿಯಮ್ಮ ಮೊರದಲ್ಲಿ ಅಕ್ಕಿ ಹಿಡಿದು ಬಾಗಿಲಿಗೆ ಬಂದಳು. “ಅಯ್ನೋರು ಬರ್ಲೇ ಇಲ್ವಲ್ಲ, ಅದ್ಕೇ ನಾನೇ ತಂದೆ.”

ರೇಣುಕಯ್ಯ ಹಲ್ಲು ಕಚ್ಚಿದ. “ಏನಂತ ಬೇಡ್ತಿದ್ರು ನಿಮ್ಮನ್ನ?”

“ಅಯ್ಯೋ, ಜಂಗಮರು ಬಾಯಿಬುಟ್ಟು ಬೇಡ್ತಾರಾ ಬುದ್ಧಿ? ಭಿಕ್ಷದ ಗಂಟೆ ಕೇಳಿದ್ ಮ್ಯಾಲೆ ಬರಿಗೈಲಿ ಕಳ್ಸಕಾಯ್ತದಾ? ನಾನು ಮದ್ವೆಯಾಗಿ ಬಂದಾಗ ದಿನಾ ಅದೇ ಗಂಟೆ. ನೀವು ಹುಟ್ಟಿದ್ ವರ್ಸ ನಿಲ್ಲಿಸ್ಬುಟ್ರು. ‘ನನ್ ಮಗ ನಾಳೆ ತಲೆ ಎತ್ಕಂಡು ತಿರುಗ್ಬೇಕು ಗಿರಿಯಮ್ಮ, ಇನ್ನು ಭಿಕ್ಷೆ ಎತ್ತಲ್ಲ’ ಅಂದಿದ್ರು. ಈಗ ಮತ್ತೆ ತಾವಾಗೇ ಹೊಂಟವ್ರಲ್ಲ ಅಂತ ನಮ್ಗೆಲ್ಲಾ ಖುಸಿ.”

ಆ ಗಂಟೆ ಕಟ್ಟಿ ಅಪ್ಪನನ್ನು ಭಿಕ್ಷೆಗೆ ಕಳಿಸಿದ್ದವನು ರೇಣುಕಯ್ಯನೇ. ಅವನು ಓಡಿಹೋಗಿ ಬೀಗ ತೆಗೆದ. ಪರ್ವತಯ್ಯನವರು ಮತ್ತೆಂದೂ ಗಾಡಿ ಹತ್ತಲಿಲ್ಲ.